ಸಂಜೆ ನಾಲ್ಕಕ್ಕೆ ಅರಳುವ ಹೂವು

ಜುಲೈ ೨

ದೊಡ್ಡಮ್ಮ,

ನೀನು ಯಾವ ಕಾಗದವನ್ನಾದರೂ ಕೊನೆಯ ಸಾಲಿನಿಂದ ಓದುವವಳು. ಅದಕ್ಕೇ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ: ನನಗೆ ಮದುವೆ. ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ. ಹುಡುಗ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಡೆದ ಕನ್ನಡಕ ಹಿಡಿದುಕೊಂಡು ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದವನು, ಆಮೇಲೆ ಮೂರು ತಿಂಗಳಲ್ಲಿ ನಾಲ್ಕು ಸಲ ಒಡೆದುಕೊಂಡ. ಐದನೆಯ ಸಲ ಬಂದಾಗ ನಾನೇ, "ಇನ್ನು ಸಾಕು ಬಿಡಿ, ಏನ್ ಹೇಳ್ಬೇಕೋ ಹೇಳ್ಬಿಡಿ" ಎಂದೆ.

ಫೋನ್ ಮಾಡೋಣ ಎಂದುಕೊಂಡೆ. ಆದರೆ ನಿನ್ನ ಹೂವಿನ ಅಂಗಡಿಯ ಫೋನು ಬಡಿದುಕೊಂಡರೆ ಯಾರೋ ಹೋದರೆಂದೇ ಅರ್ಥ, ಒಳ್ಳೆಯ ಸುದ್ದಿಯನ್ನು ಅದರಲ್ಲಿ ಹೇಳಬಾರದು ಎಂದು ಕಲಿಸಿದವಳು ನೀನೇ.

ಈಗ ಕೆಲಸದ ಮಾತು. ನಮ್ಮಿಬ್ಬರ ಕೈಯೂ ಬಿಗಿ. ಇಲ್ಲಿನ ಅಲಂಕಾರದವನು ಹೇಳಿದ ಬೆಲೆ ಕೇಳಿ ಇಬ್ಬರೂ ರಸ್ತೆಗೆ ಬಂದು ನಕ್ಕೆವು. ಆರ್ಕಿಡ್ಡು ಗೀರ್ಕಿಡ್ಡು ಬೇಡ. ಆ ಕಾಲಕ್ಕೆ ನಿಮ್ಮ ಕಡೆ ಬೇಲಿಯಲ್ಲಿ, ಹಿತ್ತಿಲಲ್ಲಿ ಏನು ಅರಳುತ್ತದೋ ಅದರಲ್ಲೇ ನೀನು ಮಾಡಿಕೊಡುತ್ತೀಯಾ?

ನಿನ್ನ ಕಡ್ಡಿ

ಜುಲೈ ೭

ನನ್ನ ಕಡ್ಡಿ,

ಕಾಗದವನ್ನು ಮೂರು ಸಲ ಓದಿದೆ. ಅಷ್ಟರಲ್ಲಿ ಆಸ್ಪತ್ರೆಯ ಹಿಂಬಾಗಿಲಿನಿಂದ ತೀರಿಕೊಂಡ ಒಬ್ಬರ ಮನೆಯವರು ಬಂದು ನಿಂತಿದ್ದರು. ಅವರ ಮುಂದೆ ಹಲ್ಲು ಕಿರಿಯಬಾರದೆಂದು ನೂಲಿನುಂಡೆ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಕೂತುಕೊಂಡೆ. ಮೂವತ್ತೊಂದು ವರ್ಷದಲ್ಲಿ ಅಂಗಡಿಯಲ್ಲಿ ನಕ್ಕದ್ದು ಅದೇ ಮೊದಲು.

ಮಾಡಿಕೊಡುತ್ತೀಯಾ ಎಂದು ಬೇರೆ ಕೇಳುತ್ತೀಯಲ್ಲ! ನಿಮ್ಮಮ್ಮ ಹೋದ ದಿನ ನನ್ನ ತಂಗಿಗೆಂದು ನನ್ನ ಕೈಯಾರೆ ಹೂ ಕಟ್ಟಿ, ನಾಲ್ಕು ವರ್ಷದ ನಿನ್ನನ್ನು ಎತ್ತಿಕೊಂಡು ಮನೆಗೆ ಬಂದವಳು ನಾನು. ಹದಿನಾಲ್ಕು ವರ್ಷ ಈ ಅಂಗಡಿಯ ಬಕೆಟ್ಟುಗಳ ನಡುವೆ ಬೆಳೆದವಳು ನೀನು. ನಿನ್ನ ಮದುವೆಗೆ ಬೇರೆಯವರು ಹೂ ಮಾಡಿದರೆ ಅವರ ಕತ್ತರಿ ಕಸಿದುಕೊಳ್ಳುತ್ತಿದ್ದೆ.

ಡೇರೆ ಹೂ ಶಾಲೆಯ ಕಸ ಗುಡಿಸುವವಳ ಹಿತ್ತಿಲಲ್ಲಿದೆ. ಕಾಸ್ಮಾಸ್ ರೈಲು ಹಳಿಯ ಪಕ್ಕ ಯಾರಪ್ಪನ ಆಸ್ತಿಯೂ ಅಲ್ಲದೆ ಬೆಳೆದು ನಿಂತಿದೆ. ರಿಟೈರಾದ ಪೋಸ್ಟ್‌ಮ್ಯಾನ್ ಮನೆಯಲ್ಲಿ ಬಿಳಿ ಲಿಲಿ. ಆತ ಹೆಂಡತಿ ಹೋದಾಗಲೂ ಒಂದು ಮೊಗ್ಗು ಕೀಳಲು ಬಿಟ್ಟಿರಲಿಲ್ಲ. ನಿನಗೆ ಮದುವೆ ಎಂದ ಕೂಡಲೇ, "ಎಷ್ಟು ಬೇಕೋ ತಗೊಳ್ಳಿ" ಎಂದ.

ಒಂದು ವಿಷಯ ಗಟ್ಟಿಯಾಗಿ ಹಿಡಿದುಕೋ. ಸತ್ತವರಿಗೆ ಪೂರ್ತಿ ಅರಳಿದ ಹೂವನ್ನೇ ಹಾಕುತ್ತೇವೆ, ಅವರಿಗೆ ನಾಳೆ ಎಂಬುದಿಲ್ಲ. ಮದುವೆಯದು ಹಾಗಲ್ಲ. ಮೊಗ್ಗನ್ನೇ ಕತ್ತರಿಸಿ ತಣ್ಣೀರಿನಲ್ಲಿ ಎರಡು ದಿನ ಮಲಗಿಸಿ, ಆಮೇಲೆ ಉಗುರುಬೆಚ್ಚಗಿನ ನೀರು ಕೊಟ್ಟು, ಹೇಳಿದ ಗಂಟೆಗೆ ಬಾಯಿ ಬಿಡುವ ಹಾಗೆ ಸಾಕಬೇಕು. ಹಾಗೆ ಮಾಡಿದರೆ ಬಡವರ ಹೂವೂ ಶ್ರೀಮಂತರ ಹೂವಿನ ಹಾಗೆ ನಿಲ್ಲುತ್ತದೆ. ಆದ್ದರಿಂದ ಗಂಟೆ ಹೇಳು.

ನನಗೆ ದುಡ್ಡೂ ಬೇಡ, ಬಟ್ಟೆಯೂ ಬೇಡ. ನಿನ್ನ ಕೈಯ ಹೂಗುಚ್ಛವನ್ನು ನಾನೇ ನಿನ್ನ ಕೈಗೆ ಕೊಡಬೇಕು. ಅದೊಂದೇ ಆಸೆ.

ದೊಡ್ಡಮ್ಮ

ಜುಲೈ ೧೯

ದೊಡ್ಡಮ್ಮ,

ನಿನ್ನ ಪಟ್ಟಿಯನ್ನು ಮೇಷ್ಟ್ರಿಗೂ ಓದಿ ಹೇಳಿದೆ. ಹೂವಿನ ಅಂಗಡಿಯವರು ಬರೆದದ್ದು ಎಂದೆ. ಲಿಲಿಯ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾರೆ.

ಅವರಮ್ಮ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಕೂತರೆ ಬೆನ್ನು ನೆಟ್ಟಗೆ, ನಿಂತರೆ ಪ್ರಶ್ನೆ. ನಾನು ಹುಟ್ಟಿದ ವಾರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿ ಮುಗಿಸಿದ್ದಾರೆ. ಒಳ್ಳೆಯವರೇ. ಆದರೂ ನಾನು ಪರೀಕ್ಷೆಗೆ ಕೂತವಳ ಹಾಗೆ ಬೆವರುತ್ತೇನೆ.

ಗಂಟೆ ಇನ್ನೂ ಗೊತ್ತಾಗಿಲ್ಲ. ಬಸ್ಸಿನಲ್ಲಿ ಏಳು ಗಂಟೆಯ ದಾರಿ, ನಿನ್ನ ಮೊಣಕಾಲು ಬೇರೆ. ಹೂವನ್ನಷ್ಟೇ ಕಳಿಸಿ ನೀನು ಮನೆಯಲ್ಲಿ ಆರಾಮಾಗಿದ್ದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ನಿಜವಾಗಿ.

ಅಂದ ಹಾಗೆ ನಿನ್ನದೊಂದು ಒಳ್ಳೆಯ ಫೋಟೊ ಕಳಿಸು. ನನ್ನ ಹತ್ತಿರ ಇರುವುದರಲ್ಲಿ ನೀನು ಬಕೆಟ್ಟಿನ ಹಿಂದೆ ಬಗ್ಗಿದ್ದೀಯ, ಬರೀ ಬೆನ್ನು ಕಾಣುತ್ತದೆ.

ಕಡ್ಡಿ

ಜುಲೈ ೨೩

ಕಡ್ಡಿ,

ನನ್ನ ಮೊಣಕಾಲಿನ ಚಿಂತೆ ನಿನಗೆ ಯಾವಾಗಿನಿಂದ ಬಂತು? ಜ್ವರ ಬಂದಾಗಲೆಲ್ಲ ನಿನ್ನನ್ನು ಹೊತ್ತುಕೊಂಡು ಅಲೆದದ್ದು ಇದೇ ಮೊಣಕಾಲಲ್ಲಿ. ಇಷ್ಟಾದರೂ ನನ್ನನ್ನು ನೆನೆಯುತ್ತೀಯಲ್ಲ, ಅದಕ್ಕೇ ಕಣ್ಣು ತುಂಬಿತು. ತೆವಳಿಕೊಂಡಾದರೂ ಬರುತ್ತೇನೆ.

ಫೋಟೊ ಇದರೊಳಗಿದೆ. ನೀಲಿ ಬಟ್ಟೆ ಹಾಕಿಕೊಂಡು ಸ್ಟುಡಿಯೊಗೇ ಹೋಗಿದ್ದೆ. ಅಲ್ಲಿನವನು ಕನ್ನಡಕ ತೆಗೆಸಿದ, ಸುಕ್ಕು ಅಳಿಸಿದ, ಹತ್ತು ವರ್ಷ ಚಿಕ್ಕವಳಾಗಿ ಮಾಡಿ ಕೊಟ್ಟ. "ಇದು ಯಾರಪ್ಪಾ?" ಎಂದು ಕೇಳಿದೆ. ನಿನ್ನ ಹೊಸ ಮನೆಯ ಗೋಡೆಗೆ ಎಂದು ಊಹಿಸಿದ್ದೇನೆ. ಊಹೆ ತಪ್ಪಿದ್ದರೂ ಹೇಳಬೇಡ, ನಾಲ್ಕು ದಿನ ಖುಷಿಯಾಗಿರುತ್ತೇನೆ.

ಬಾಗಿಲ ಕಮಾನಿಗೆ ಹೊಸ ಕಟ್ಟು ಬೇಡ. ನಮ್ಮ ಪುಷ್ಪಚಕ್ರದ ತಂತಿಯ ದೊಡ್ಡ ಬಳೆಗಳು ಎರಡಿವೆ, ಬಗ್ಗಿಸಿ ಜೋಡಿಸಿದರೆ ಕಮಾನು. ಆಸ್ಪತ್ರೆ ಗೋಡೆಯ ಹಸಿರು ಬಳ್ಳಿ ಸುತ್ತಿದರೆ ಅದು ಯಾರ ತಲೆಯ ಹತ್ತಿರ ನಿಲ್ಲುತ್ತಿತ್ತೆಂದು ಹೂವಿಗೂ ಗೊತ್ತಾಗುವುದಿಲ್ಲ. ಮೇಜಿಗೆ ಜಾಮ್ ಬಾಟಲಿ ಕೂಡಿಡುತ್ತಿದ್ದೇನೆ. ಎಷ್ಟು ಮೇಜು? ಎಷ್ಟು ಗಂಟೆ?

ದೊಡ್ಡಮ್ಮ

ಆಗಸ್ಟ್ ೧೬

ದೊಡ್ಡಮ್ಮ,

ತಡವಾಯಿತು. ಕೆಲಸ, ಓಡಾಟ, ಎಲ್ಲ ಒಟ್ಟಿಗೇ ತಲೆಯ ಮೇಲೆ ಬಿದ್ದಿವೆ.

ಹನ್ನೆರಡು ಮೇಜು. ಗಂಟೆ ಸಂಜೆ ನಾಲ್ಕು. ಕಾರ್ಡು ಕಡಿಮೆ ಅಚ್ಚು ಹಾಕಿಸಿದ್ದೆವು, ಮುಗಿದುಹೋದವು. ನಿನಗೆ ಕಾರ್ಡು ಬೇರೆ ಬೇಕಾ? ವಿಳಾಸ ಇದರ ಹಿಂದೆ ಬರೆದಿದ್ದೇನೆ.

ಇನ್ನೊಂದು ಸಣ್ಣ ಕೆಲಸ. ಬಾಗಿಲ ಹತ್ತಿರ ಒಂದು ಮೇಜಿಟ್ಟು ಇಲ್ಲದವರ ಫೋಟೊಗಳನ್ನು ಇಡಬೇಕೆಂದು ಅವರಮ್ಮನ ಆಸೆ. ನನ್ನ ಕಡೆಯಿಂದ ಎರಡು ಫೋಟೊ. ಎರಡು ಚಿಕ್ಕ ಪುಷ್ಪಚಕ್ರ ಮಾಡಿಕೊಡುತ್ತೀಯಾ? ಒಂದು ಅಮ್ಮನಿಗೆ. ಇನ್ನೊಂದು ಅಪ್ಪನಿಗೆ ಅಂದುಕೋ.

ಕಡ್ಡಿ

ಆಗಸ್ಟ್ ೧೯

ಕಡ್ಡಿ,

ನಿಮ್ಮಪ್ಪನಿಗಾ! ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟು ಓಡಿಹೋದವನು ಎಲ್ಲೋ ಹೊಟ್ಟೆ ಬೆಳೆಸಿಕೊಂಡು ಬದುಕಿರುತ್ತಾನೆ. ಇರಲಿ, ಅವನನ್ನು ಸಾಯಿಸಬೇಕೆಂದು ನಿನಗನ್ನಿಸಿದರೆ ಅಡ್ಡ ಬರಲು ನಾನ್ಯಾರು? ಬದುಕಿರುವಾಗಲೇ ಪುಷ್ಪಚಕ್ರ ಹಾಕಿಸಿಕೊಳ್ಳುವ ಯೋಗ ಎಲ್ಲರಿಗೂ ಬರುವುದಿಲ್ಲ. ನನ್ನ ತಂಗಿಯದಕ್ಕೆ ಒಳ್ಳೆಯ ಬಿಳಿ ಡೇರೆ ಹಾಕುತ್ತೇನೆ. ಅವನದಕ್ಕೆ ಅಳಿದುಳಿದದ್ದು, ದಳ ಉದುರಿದ್ದು, ಹುಳು ತಿಂದದ್ದು. ಹುಳು ತಿಂದ ಕಡೆಯನ್ನು ಒಳಗೆ ತಿರುಗಿಸಿದರೆ ಯಾರಿಗೂ ಕಾಣುವುದಿಲ್ಲ.

ನಾಲ್ಕು ಗಂಟೆ ಒಳ್ಳೆಯದೇ. ಮೊಗ್ಗು ಬೆಳಿಗ್ಗೆ ಮುಷ್ಟಿ ಬಿಗಿ ಹಿಡಿದಿರುತ್ತದೆ, ಮಧ್ಯಾಹ್ನ ಸಡಿಲವಾಗುತ್ತದೆ, ನಾಲ್ಕಕ್ಕೆ ನಿನ್ನ ಮುಖ ನೋಡಿ ಅರಳುತ್ತದೆ. ಅದೇ ಲೆಕ್ಕದಲ್ಲಿ ಕತ್ತರಿಸುತ್ತೇನೆ.

ದೊಡ್ಡಮ್ಮ

ಸೆಪ್ಟೆಂಬರ್ ೩

ದೊಡ್ಡಮ್ಮ,

ಹೂ ಶನಿವಾರವೇ ಬಂದರೆ ಅನುಕೂಲ. ನೀನು ಭಾನುವಾರ ಸರಿಯಾಗಿ ನಾಲ್ಕಕ್ಕೆ ಬಾ. ಮುಂಚೆ ಬಂದರೆ ಹಾಲ್‌ನಲ್ಲಿ ಕೂರಲು ಜಾಗ ಇರುವುದಿಲ್ಲ, ನಾನೂ ಸಿಗುವುದಿಲ್ಲ. ದಯವಿಟ್ಟು.

ಕಡ್ಡಿ

ಸೆಪ್ಟೆಂಬರ್ ೧೩
(ಹೂವಿನ ಜೊತೆ)

ಕಡ್ಡಿ,

ಹಾಲಿನ ವ್ಯಾನಿನವನನ್ನು ಒಪ್ಪಿಸಿ ಕಳಿಸುತ್ತಿದ್ದೇನೆ. ಅದರೊಳಗೆ ತಂಪಿರುತ್ತದೆ, ಏಳು ಗಂಟೆ ಹೂವಿಗೆ ನಿದ್ದೆ.

ಡೇರೆ ಕತ್ತರಿಸಿದ ಮೇಲೆ ಅರಳುವುದಿಲ್ಲ. ಅದಕ್ಕೇ ಅರಳಿದ್ದನ್ನೇ ಕೊಯ್ದು, ಎರಡೂ ಚಕ್ರಕ್ಕೆ ಮಾತ್ರ ಹಾಕಿದ್ದೇನೆ. ಕಮಾನು, ಮೇಜು, ನಿನ್ನ ಕೈಯದು ಎಲ್ಲ ಲಿಲಿ ಮತ್ತು ನಮ್ಮ ಹಿತ್ತಿಲ ಗುಲಾಬಿಯ ಮೊಗ್ಗು. ಈಗ ನೋಡಿದರೆ ಹಸಿರು ತರಕಾರಿಯ ಕಟ್ಟಿನ ಹಾಗಿದೆ, ಹೆದರಬೇಡ. ಯಾರೂ ಕೈಯಿಂದ ಬಿಡಿಸಲು ಹೋಗಬೇಡಿ.

ಲಿಲಿ ಬಾಯಿ ಬಿಡುತ್ತಿರುವಾಗಲೇ ಒಳಗಿನ ಕಂದು ಪುಡಿಯ ಎಳೆಗಳನ್ನು ಕೀಳಬೇಕು. ಆ ಪುಡಿ ನಿನ್ನ ಬಟ್ಟೆಗೆ ತಾಗಿದರೆ ಏಳು ಸಲ ಒಗೆದರೂ ಹೋಗುವುದಿಲ್ಲ. ಬೇರೆಯವರಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೆ ನಾನು ಬೆಳಗಿನ ಮೊದಲ ಬಸ್ಸಿಗೇ ಹೊರಟು ಹನ್ನೊಂದಕ್ಕೆ ಅಲ್ಲಿರುತ್ತೇನೆ. ಜಾಗ ಇಲ್ಲದಿದ್ದರೆ ಹಿಂದಿನ ಮೆಟ್ಟಿಲಿದ್ದೇ ಇರುತ್ತದೆ. ನಾಲ್ಕಕ್ಕೆ ಎದುರಿಗೆ ಬರುತ್ತೇನೆ, ಅಷ್ಟೇ ತಾನೆ?

ದೊಡ್ಡಮ್ಮ

ಸೆಪ್ಟೆಂಬರ್ ೧೭

ದೊಡ್ಡಮ್ಮ,

ನಾಲ್ಕಕ್ಕೆ ಬಾ ಎಂದು ಅಷ್ಟು ಬಿಡಿಸಿ ಬರೆದಿದ್ದೆನಲ್ಲ! ವ್ಯಾನಿನವನು ಹೂ ಇಳಿಸಿದ್ದನ್ನು ನೋಡಿಕೊಂಡವರು ಹಾಲ್‌ನ ಕಾವಲುಗಾರರು. ನಿನ್ನ ಚೀಟಿ ನನಗೆ ಸಿಕ್ಕಿದ್ದು ಭಾನುವಾರ ಮಧ್ಯಾಹ್ನ.

ಮದುವೆ ಬೆಳಿಗ್ಗೆ ಹತ್ತಕ್ಕೆ ಇತ್ತು. ನಿನಗೆ ಈಗ ಗೊತ್ತಾಗಿದೆ, ಮುಚ್ಚಿಟ್ಟು ಏನು ಪ್ರಯೋಜನ.

ಮೊದಲ ದಿನ ಅವರಮ್ಮ, "ಯಾರು ಸಾಕಿದ್ದು ನಿನ್ನನ್ನ?" ಎಂದು ಕೇಳಿದರು. ದೊಡ್ಡಮ್ಮ ಎಂದೆ. "ಏನ್ ಮಾಡ್ತಾರೆ?" ಎಂದರು. ಹೆಣಕ್ಕೆ ಹೂ ಕಟ್ಟುತ್ತಾರೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ, ನನ್ನ ಬಟ್ಟೆಯಿಂದ ಸಾವಿನ ವಾಸನೆ ಬರುತ್ತದೆ ಎನ್ನುತ್ತಿದ್ದರು. ನಿನಗೆ ಯಾವತ್ತೂ ಹೇಳಿರಲಿಲ್ಲ. "ಅವ್ರು ತೀರ್ಕೊಂಡ್ರು" ಎಂದುಬಿಟ್ಟೆ. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ನೀನೇ ಹೇಳು.

ನಿನಗೆಂದೇ ಒಂದು ಗಂಟೆ ತೆಗೆದಿಟ್ಟಿದ್ದೆ. ನಾಲ್ಕರ ಹೊತ್ತಿಗೆ ಎಲ್ಲರೂ ಹೋಗಿರುತ್ತಿದ್ದರು. ಅದೇ ಬಟ್ಟೆಯಲ್ಲಿ ನಿನ್ನ ಎದುರು ನಿಲ್ಲುತ್ತಿದ್ದೆ. ಹೂಗುಚ್ಛ ಕೊಡಿಸಿಕೊಳ್ಳುತ್ತಿದ್ದೆ. ಕಡೆಗಳಿಗೆಯಲ್ಲಿ ಸಮಯ ಬೆಳಿಗ್ಗೆಗೆ ಬದಲಾಯಿತು ಎನ್ನುತ್ತಿದ್ದೆ, ನೀನು ನಂಬುತ್ತಿದ್ದೆ, ಯಾರಿಗೂ ನೋವಾಗುತ್ತಿರಲಿಲ್ಲ.

ಆದದ್ದೇನು? ಎಲ್ಲರೆದುರು ಬೀನ್ಸಿನ ಕಟ್ಟು ಹಿಡಿದುಕೊಂಡು ನಿಂತೆ. "ಮದುಮಗಳು ಸಂತೆಯಿಂದ ನೇರ ಬಂದ್ಲಾ?" ಎಂದು ಅವರ ಚಿಕ್ಕಪ್ಪ ನಕ್ಕರು. ನಾನು ಸತ್ತುಹೋಗಬೇಕು ಅನ್ನಿಸಿತು.

ಕಡ್ಡಿ

ಅಕ್ಟೋಬರ್ ೧

ದೊಡ್ಡಮ್ಮ,

ಬೈದಾದರೂ ಬರೆ. ಅಂಗಡಿಗೆ ಎರಡು ಸಲ ಫೋನ್ ಮಾಡಿದೆ. ನೀನು ಎತ್ತಿ, "ಯಾರು ಹೋದದ್ದು?" ಎಂದು ಕೇಳಿದೆ. ನಾನು ಫೋನ್ ಇಟ್ಟುಬಿಟ್ಟೆ.

ಕಡ್ಡಿ

ಅಕ್ಟೋಬರ್ ೯

ಕಡ್ಡಿ,

ಬೈಯುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ. ನೀನು ಮದುವೆಯ ಗಡಿಬಿಡಿಯಲ್ಲಿದ್ದೆ, ಎಲ್ಲವನ್ನೂ ನೋಡಿರುವುದಿಲ್ಲ.

ನಾನು ಬಂದಾಗ ಹನ್ನೊಂದೂಕಾಲು. ಹಾಲ್ ತುಂಬಾ ಜನ, ಊಟ ಶುರುವಾಗಿತ್ತು. ಬೇರೆ ಯಾರದೋ ಮದುವೆ ಎಂದುಕೊಂಡು ಹೊರಗೆ ಹೋಗಿ ವಿಳಾಸವನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ನನ್ನ ಕಮಾನು ಕಂಡಿತು. ಒಂದು ಹೂವೂ ಅರಳಿರಲಿಲ್ಲ. ಅರಳಿದ್ದು ಬಾಗಿಲ ಪಕ್ಕದ ಮೇಜಿನ ಎರಡು ಚಕ್ರಗಳು ಮಾತ್ರ. ಅದಕ್ಕೇ ಫೋಟೊದವನು ನಿಮ್ಮಿಬ್ಬರನ್ನೂ ಎಳೆದು ತಂದು ಆ ಮೇಜಿನ ಮುಂದೆ ನಿಲ್ಲಿಸಿ, "ಇಲ್ಲೇ ಹೂ ಚೆನ್ನಾಗಿದೆ, ನಗಿ ಮೇಡಂ" ಎನ್ನುತ್ತಿದ್ದ. ನೀನು ನಗುತ್ತಿದ್ದೆ. ನಿನ್ನ ಎಡಭುಜದ ಹಿಂದೆ ನಿಮ್ಮಮ್ಮ. ಬಲಭುಜದ ಹಿಂದೆ ನೀಲಿ ಬಟ್ಟೆಯಲ್ಲಿ ನಾನು.

ಅದು ನನ್ನದೆಂದು ಗೊತ್ತಿದ್ದರೆ ಒಂದೆರಡು ಒಳ್ಳೆಯ ಹೂ ಹಾಕಿಕೊಳ್ಳುತ್ತಿದ್ದೆ. ಹುಳು ತಿಂದದ್ದನ್ನು ಬೇರೆಯವರ ಪಾಲಿಗೆಂದು ಆರಿಸಿ ಆರಿಸಿ ಹಾಕಿದವಳಿಗೆ ಸರಿಯಾಗಿಯೇ ಆಯಿತು.

ನಿನ್ನ ಅತ್ತೆಯೇ ನನ್ನನ್ನು ಮಾತಾಡಿಸಿದರು. ಕೈಯಲ್ಲಿ ಕತ್ತರಿ, ಹೆಗಲಲ್ಲಿ ಚೀಲ, ಮೂಗಿನ ಮೇಲೆ ಕನ್ನಡಕ. ಸ್ಟುಡಿಯೊದವನ ಕೈಚಳಕಕ್ಕೆ ನನ್ನ ಗುರುತು ನನಗೇ ಸಿಗದಿರುವಾಗ ಅವರಿಗೆಲ್ಲಿ ಸಿಗಬೇಕು?

"ಹೂವಿನ ಅಂಗಡಿಯವ್ರಾ? ಪಾಪ, ಮೊಗ್ಗು ಅರಳ್ಲೇ ಇಲ್ಲ ನೋಡಿ," ಎಂದರು. ಆಮೇಲೆ ನನ್ನ ಫೋಟೊ ತೋರಿಸಿ, "ಇವ್ರೇ ಅವಳನ್ನ ಸಾಕಿದ್ದು. ಈಗ ಇಲ್ಲ. ಅವ್ರ ಬಗ್ಗೆ ಕೇಳಿದ್ರೆ ಸಾಕು, ಕಣ್ಣಲ್ಲಿ ನೀರು ತುಂಬ್ಕೊಂಡ್ಬಿಡ್ತಾಳೆ. ಇದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ರೋ," ಎಂದರು.

"ಪಡ್ತಿದ್ರು," ಎಂದೆ.

"ನೀವು ಮದುವೆ ಹೂವೇ ಮಾಡೋದಾ ಯಾವಾಗ್ಲೂ?"

"ಇಲ್ಲಮ್ಮ. ಸತ್ತವ್ರಿಗೆ."

ಅವರು ಹಿಂದೆ ಸರಿಯಲಿಲ್ಲ ಕಡ್ಡಿ. ನನ್ನ ಕೈ ಹಿಡಿದುಕೊಂಡರು. "ದೊಡ್ಡ ಕೆಲಸ ಮಾಡ್ತೀರಿ. ನಮ್ಮನೆಯವ್ರು ಹೋದಾಗ ನೆಂಟರೆಲ್ಲ ಬಾಗಿಲಲ್ಲೇ ನಿಂತಿದ್ರು. ಒಳಗೆ ಬಂದು ಅವ್ರ ಕೂದಲು ಸರಿ ಮಾಡಿದ್ದು ಹೂ ತಂದವ್ಳೊಬ್ಬಳೇ. ಅವಳ ಮುಖ ನಾನು ಮರ್ತಿಲ್ಲ," ಎಂದರು. ಯಾರ ಮುಂದೆ ನನ್ನ ಕೆಲಸ ಹೇಳಲು ನಿನ್ನ ನಾಲಿಗೆ ಏಳಲಿಲ್ಲವೋ, ಅವರು ನನ್ನ ಕೈಯನ್ನು ಎಷ್ಟೋ ಹೊತ್ತು ಬಿಡಲೇ ಇಲ್ಲ.

ಆಗ ನೀನು ನನ್ನನ್ನು ನೋಡಿದೆ. ನಾನೂ ನೋಡಿದೆ. ಒಂದು ಹೆಜ್ಜೆ ಇಡುತ್ತೀಯ ಎಂದುಕೊಂಡೆ. ನೀನು ಗಂಡನ ಕಡೆ ತಿರುಗಿ, "ಹೂವಿನವ್ರಿಗೆ ಊಟ ಕೊಟ್ರಾ?" ಎಂದೆ. ಕೊಟ್ಟರು. ಹಿಂದಿನ ಮೆಟ್ಟಿಲ ಮೇಲೆ ಕೂತು, ಕಾಗದದ ತಟ್ಟೆಯಲ್ಲಿ ಉಂಡೆ. ಹಸಿವಾಗಿತ್ತು, ಸುಳ್ಳೇಕೆ ಹೇಳಲಿ.

ನಾಲ್ಕರವರೆಗೂ ಇದ್ದೆ. ಕರೆದ ಗಂಟೆಗೆ ಇರಬೇಕಲ್ಲ! ನೀನು ಎರಡೂವರೆಗೇ ಅವರ ಕಾರಿನಲ್ಲಿ ಹೋಗಿಬಿಟ್ಟಿದ್ದೆ. ನನಗೆಂದು ತೆಗೆದಿಟ್ಟ ಗಂಟೆಯಲ್ಲಿ ನೀನೂ ಇರಲಿಲ್ಲ. ಹಾಲ್‌ನಲ್ಲಿ ಇಬ್ಬರು ಕುರ್ಚಿ ಮಡಚುತ್ತಿದ್ದರು. ಮೂರೂವರೆಗೆ ಲಿಲಿಗಳು ಸಡಿಲಾದವು. ನಾಲ್ಕಕ್ಕೆ ಕಮಾನು, ಹನ್ನೆರಡು ಮೇಜು, ನೀನು ಕುರ್ಚಿಯ ಮೇಲೆ ಬಿಟ್ಟುಹೋದ ಹೂಗುಚ್ಛ, ಎಲ್ಲ ಒಟ್ಟಿಗೆ ಅರಳಿದವು. ನನ್ನ ಲೆಕ್ಕ ಐದು ನಿಮಿಷವೂ ತಪ್ಪಿರಲಿಲ್ಲ. ಒಂದೊಂದರ ಒಳಗೂ ಬೆರಳು ಹಾಕಿ ಕಂದು ಎಳೆಗಳನ್ನು ಕಿತ್ತೆ. ಯಾರ ಬಟ್ಟೆಗೆ ತಾಗುತ್ತದೆಂದು ಕಿತ್ತೆನೋ ನನಗೇ ಗೊತ್ತಿಲ್ಲ. ಕೈ ಕಲಿತದ್ದು, ಮಾಡಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನೀನು ಆಡಿದ ಮಾತು ಹೋಗಲಿಲ್ಲ. ಚೌಕಟ್ಟು ಹಾಕಿಸಿಕೊಂಡು ಮೇಜಿನ ಮೇಲೆ ಕೂತಿತ್ತು.

ದೊಡ್ಡಮ್ಮ

ನವೆಂಬರ್ ೩

ದೊಡ್ಡಮ್ಮ,

ನಿನ್ನ ಕಾಗದ ಓದಿ ಮೂರು ದಿನ ಊಟ ಸೇರಲಿಲ್ಲ. ಅದನ್ನು ಸುಟ್ಟುಹಾಕಿದೆ, ತಪ್ಪು ತಿಳಿಯಬೇಡ, ಮನೆಯಲ್ಲಿ ಎಲ್ಲರೂ ಎಲ್ಲರ ಡ್ರಾಯರ್ ತೆಗೆಯುತ್ತಾರೆ.

ನಾನು ಅತ್ತೆಗೆ ನಿಜ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಈಗ ಹೇಳಿದರೆ ಹೆಣಕ್ಕೆ ಹೂ ಕಟ್ಟುವವಳ ಮಗಳು ಎನ್ನುವುದಿಲ್ಲ, ಸಾಕಿದವಳನ್ನು ಸಾಯಿಸಿದವಳು ಎನ್ನುತ್ತಾರೆ. ಅದು ಇದಕ್ಕಿಂತ ಕೆಟ್ಟದಲ್ಲವಾ? ನನ್ನ ಜಾಗದಲ್ಲಿ ನಿಂತು ಯೋಚಿಸು.

ಇನ್ನೊಂದು ವಿಷಯ, ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ. ಅತ್ತೆಗೆ ನೀನು ತುಂಬಾ ಹಿಡಿಸಿದ್ದೀಯ, ಅಂದರೆ ಆ ಹೂವಿನವಳು. ನನ್ನ ದೊಡ್ಡಮ್ಮ ಹೋದ ದಿನ ಪ್ರತಿ ವರ್ಷ ಮನೆಯಲ್ಲಿ ಫೋಟೊಗೆ ಪುಷ್ಪಚಕ್ರ ಇಡೋಣ, ಅದನ್ನು ಆಕೆಯ ಕೈಯಿಂದಲೇ ಮಾಡಿಸೋಣ ಎಂದು ಹಟ ಹಿಡಿದಿದ್ದಾರೆ. ತಾರೀಖು ಕೇಳುತ್ತಿದ್ದಾರೆ. ಬಾಯಿಗೆ ಬಂದದ್ದು ಹೇಳಿದರೆ ಮುಂದಿನ ವರ್ಷ ನನಗೇ ಮರೆತುಹೋಗುತ್ತದೆ. ನೀನೇ ಯಾವುದಾದರೂ ಒಂದು ದಿನ ಹೇಳಿಬಿಡು. ಹೂ ಸಿಗುವ ಕಾಲವಾದರೆ ನಿನಗೂ ಸುಲಭ.

ನಾನು ನಿನ್ನನ್ನು ಮರೆತಿಲ್ಲ. ನಿನ್ನ ಫೋಟೊ ದಿನಾ ನೋಡುತ್ತೇನೆ.

ಕಡ್ಡಿ

ನವೆಂಬರ್ ೮

ಮಾನ್ಯರೇ,

ತಮ್ಮ ಪತ್ರ ತಲುಪಿತು. ವರ್ಷಕ್ಕೊಂದು ಪುಷ್ಪಚಕ್ರ ಮಾಡಿಕೊಡಲು ನಮ್ಮ ಅಂಗಡಿ ಒಪ್ಪಿದೆ. ಹೂವು ಆಯಾ ಕಾಲದ್ದೇ ಇರುತ್ತದೆ, ಊರಿನದೇ ಇರುತ್ತದೆ. ಪೂರ್ತಿ ಅರಳಿದ್ದನ್ನೇ ಹಾಕುತ್ತೇವೆ, ಆದ್ದರಿಂದ ಗಂಟೆ ತಿಳಿಸುವ ಅಗತ್ಯವಿಲ್ಲ.

ತಾರೀಖಿನ ವಿಷಯದಲ್ಲಿ ಅಂಗಡಿಯವರು ಸಲಹೆ ಕೊಡುವಂತಿಲ್ಲ. ಹೋದದ್ದು ಯಾವಾಗ ಎಂಬುದು ಮನೆಯವರಿಗೇ ಗೊತ್ತಿರುತ್ತದೆ.

ಚಕ್ರದ ಅಡಿಯಲ್ಲಿ ಬಿಳಿ ರಿಬ್ಬನ್ ಕಟ್ಟಿ ಎರಡು ಸಾಲು ಬರೆದು ಕೊಡುತ್ತೇವೆ. ಮೊದಲ ಸಾಲಿಗೆ ಬೇಕಾದ ಹೆಸರು ನಮ್ಮಲ್ಲಿದೆ. ಎರಡನೆಯ ಸಾಲು ಖಾಲಿ ಉಳಿದಿದೆ. ಬರುವ ಗಿರಾಕಿಗಳಿಗೆಲ್ಲ ಇದನ್ನು ಕೇಳಿಯೇ ಕೆಲಸ ಶುರು ಮಾಡುವುದು, ತಾವು ಬೇರೆ ರೀತಿ ತಿಳಿಯಬಾರದು.

ಹೋದವರು ತಮಗೆ ಏನಾಗಬೇಕಿತ್ತು?